ಹದಿನೇಳರ ಫೈಲು, ಇಪ್ಪತ್ನಾಲ್ಕರ ಅರ್ಜಿ: ಬಾಲನ್ಯಾಯ ಮಂಡಳಿಯ ದಾಖಲೆ ಯಾರಿಗೆ ಕಾಣಬೇಕು?

ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರಿಗೆ ನೇಮಕಕ್ಕೆ ಮೊದಲು ಒಂದು ದೃಢೀಕರಣ ಫಾರಂ ಕೊಡುತ್ತಾರೆ. ಹೆಸರು, ವಿಳಾಸ, ಓದಿದ ಶಾಲೆ, ಹಿಂದೆ ವಾಸವಿದ್ದ ಊರುಗಳು. ಅದೆಲ್ಲ ಮುಗಿದ ಮೇಲೆ ಒಂದು ಕಾಲಂ ಬರುತ್ತದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ನಿಮ್ಮ ಮೇಲೆ ಎಂದಾದರೂ ಕೇಸು ನಡೆದಿದೆಯೇ? ಸುಳ್ಳು ಹೇಳಿದರೆ ಅಥವಾ ಮುಚ್ಚಿಟ್ಟರೆ ಕೆಲಸ ಹೋಗುತ್ತದೆ ಎಂಬ ಎಚ್ಚರಿಕೆಯೂ ಅದೇ ಪುಟದಲ್ಲಿರುತ್ತದೆ.

ಹದಿನೇಳನೇ ವಯಸ್ಸಿನಲ್ಲಿ ಒಂದು ಹೊಡೆದಾಟದಲ್ಲಿ ಸಿಕ್ಕಿಬಿದ್ದು, 18 ತುಂಬದವರ ಕೇಸು ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ನಿಂತಿದ್ದ ಹುಡುಗ ಅಲ್ಲಿ ಏನು ಬರೆಯಬೇಕು? ‘ಹೌದು’ ಎಂದರೆ ಫೈಲು ಮೇಲಿನವರ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ. ‘ಇಲ್ಲ’ ಎಂದರೆ ನಾಳೆ ಯಾರಾದರೂ ಹಳೆಯದನ್ನು ಕೆದಕಿ ಸುಳ್ಳುಗಾರ ಎನ್ನಬಹುದು. ಕಾನೂನು ಅವನ ಪರವಾಗಿದೆ. ಆದರೆ ಆ ಮಾತು ಫಾರಂನಲ್ಲಿ ಎಲ್ಲೂ ಇಲ್ಲ.

ಮಕ್ಕಳ ಕೇಸಿನ ಗೋಪ್ಯತೆ ಎಂದಾಗ ನಾವೆಲ್ಲ ಸಾಮಾನ್ಯವಾಗಿ ಮಂಡಳಿಯ ಮುಚ್ಚಿದ ಬಾಗಿಲನ್ನು ಮಾತ್ರ ನೆನೆಸಿಕೊಳ್ಳುತ್ತೇವೆ. ಹೆಸರು ಹೊರಗೆ ಹೋಗುವುದು ಆ ಬಾಗಿಲಿನಿಂದಲ್ಲ. ಪಕ್ಕದ ಠಾಣೆಯಿಂದ, ಮೇಲಿನ ಕೋರ್ಟಿನ ಆದೇಶದಿಂದ, ಟಿವಿಯಿಂದ, ಇಂಥ ಒಂದು ಫಾರಂನಿಂದ. ಕಾಯ್ದೆಯ ಅರ್ಧ ಕೆಲಸ ಇನ್ನೂ ಬಾಕಿ ಇರುವುದು ಈ ಜಾಗಗಳಲ್ಲೇ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ 74ನೇ ಸೆಕ್ಷನ್ ಪ್ರಕಾರ ಪತ್ರಿಕೆ, ಟಿವಿ ಅಥವಾ ಬೇರೆ ಯಾವುದೇ ಸಂವಹನ ಮಾಧ್ಯಮ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಕೊಡುವಂತಿಲ್ಲ. ಗುರುತು ಹಿಡಿಯಲು ನೆರವಾಗುವ ಬೇರೆ ಯಾವ ವಿವರವನ್ನೂ ಕೊಡುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2000ದ ಹಳೆಯ ಕಾಯ್ದೆಯಲ್ಲಿ ಇದಕ್ಕಿದ್ದ ದಂಡ ಬರೀ 1000 ರೂಪಾಯಿ. 2006ರಲ್ಲಿ ಅದನ್ನು 25,000ಕ್ಕೆ ಏರಿಸಿದರು. ಸಂಸತ್ತು ಇದನ್ನು ಬರಬರುತ್ತಾ ಜಾಸ್ತಿ ಗಂಭೀರವಾಗಿ ತೆಗೆದುಕೊಂಡಿದೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಈ ರಕ್ಷಣೆ ತಪ್ಪು ಮಾಡಿದ ಆರೋಪ ಹೊತ್ತ ಮಗುವಿಗೆ ಮಾತ್ರವಲ್ಲ. ದೌರ್ಜನ್ಯಕ್ಕೆ ಒಳಗಾದ ಮಗುವಿಗೂ ಉಂಟು, ಸಾಕ್ಷಿ ಹೇಳುವ ಮಗುವಿಗೂ ಉಂಟು. ಮಗುವಿನ ಹಿತಕ್ಕಾಗಿ ಗುರುತು ಹೊರಗೆಡಹಲೇಬೇಕಾದರೆ ಮಂಡಳಿ ಅಥವಾ ಮಕ್ಕಳ ಕಲ್ಯಾಣ ಸಮಿತಿ ಕಾರಣ ಬರೆದು ಅನುಮತಿ ಕೊಡಬಹುದು. ಮನೆಯವರು ಯಾರೆಂದೇ ಗೊತ್ತಿಲ್ಲದ ಮಗುವಿನ ಫೋಟೊ ಹಾಕಿ ಅಪ್ಪ ಅಮ್ಮನನ್ನು ಹುಡುಕುವ ಸಂದರ್ಭ ಅಂಥದ್ದು. ಜನರ ಕುತೂಹಲ ಅಂಥ ಕಾರಣವಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. 16 ತುಂಬಿದ ಹುಡುಗನನ್ನು ಘೋರ ಅಪರಾಧದ ಕೇಸಿನಲ್ಲಿ ವಯಸ್ಕನಂತೆ ವಿಚಾರಣೆ ಮಾಡಲು ಆದೇಶವಾದರೆ ಹೆಸರು ಹಾಕಬಹುದು ಎಂದುಕೊಳ್ಳುತ್ತಾರೆ. ಹಾಗಿಲ್ಲ. 74ನೇ ಸೆಕ್ಷನ್‌ನಲ್ಲಿ ಅಂಥ ವಿನಾಯಿತಿಯೇ ಇಲ್ಲ. ವಿಚಾರಣೆಯ ನಡುವೆ ಅವನಿಗೆ 18 ತುಂಬಿದರೂ ರಕ್ಷಣೆ ಹೋಗುವುದಿಲ್ಲ.

ಅದೇ ಸೆಕ್ಷನ್‌ನ ಎರಡನೇ ಭಾಗ ಪೊಲೀಸರಿಗೆ ಸಂಬಂಧಿಸಿದ್ದು. ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವುದಕ್ಕಾಗಲಿ ಮಗುವಿನ ದಾಖಲೆಯನ್ನು ಪೊಲೀಸರು ಹೊರಗೆ ಕೊಡಬಾರದು. ಮೊದಲು ಇದು ಮುಗಿದ ಕೇಸುಗಳಿಗೆ ಮಾತ್ರ ಇತ್ತು. 2021ರ ತಿದ್ದುಪಡಿ ನಡೆಯುತ್ತಿರುವ ಕೇಸುಗಳನ್ನೂ ಸೇರಿಸಿತು. ನನ್ನ ಪ್ರಕಾರ ಆ ತಿದ್ದುಪಡಿಯಲ್ಲಿ ಜನಕ್ಕೆ ನೇರವಾಗಿ ತಟ್ಟುವ ಬದಲಾವಣೆ ಇದು. ಮಂಡಳಿಯಲ್ಲಿ ಕೇಸು ಎಳೆಯುತ್ತಾ ಹೋದರೆ ಅಷ್ಟೂ ಕಾಲ ಹುಡುಗ ‘ಕೇಸು ಇರುವವನು’ ಆಗಿಯೇ ಉಳಿಯುತ್ತಿದ್ದ.

ಠಾಣೆಯಲ್ಲೂ ಒಂದು ಮುಖ್ಯ ನಿಯಮವಿದೆ. 2016ರ ಕೇಂದ್ರ ಮಾದರಿ ನಿಯಮಗಳ ಪ್ರಕಾರ ಮಗುವಿನ ಮೇಲೆ ಎಫ್‌ಐಆರ್ ಹಾಕುವುದು ಎರಡೇ ಸಂದರ್ಭದಲ್ಲಿ: ಅಪರಾಧ ಘೋರವಾಗಿದ್ದಾಗ, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾಗ. ಉಳಿದ ಸಂದರ್ಭದಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಠಾಣೆಯ ದಿನಚರಿಯಲ್ಲಿ ಮಾಹಿತಿ ಬರೆದು, ಮಗುವಿನ ಮನೆಯ ಪರಿಸ್ಥಿತಿಯ ವರದಿ ಜೊತೆಗಿಟ್ಟು ಮಂಡಳಿಗೆ ಕಳಿಸಬೇಕು. ದಾಖಲೆ ಎಷ್ಟು ಕಡಿಮೆ ಹುಟ್ಟುತ್ತದೋ ಸೋರುವುದೂ ಅಷ್ಟು ಕಡಿಮೆ, ಅಲ್ವಾ?

ಏಳು ವರ್ಷದ ಲೆಕ್ಕ

ಈಗ ದಾಖಲೆ ಅಳಿಸುವ ವಿಷಯ. ಹಿಂದಿನದನ್ನು ಬಿಟ್ಟು ಹೊಸದಾಗಿ ಬದುಕು ಶುರು ಮಾಡಲು ಅವಕಾಶ ಕೊಡಬೇಕು ಎಂಬುದು ಕಾಯ್ದೆಯ ಮೂಲ ತತ್ವಗಳಲ್ಲೇ ಒಂದು. ವಿಶೇಷ ಸಂದರ್ಭಗಳನ್ನು ಬಿಟ್ಟು ಮಗುವಿನ ಹಿಂದಿನ ದಾಖಲೆಗಳನ್ನೆಲ್ಲ ಅಳಿಸಬೇಕು ಎಂದು 3ನೇ ಸೆಕ್ಷನ್ ಹೇಳುತ್ತದೆ. 24ನೇ ಸೆಕ್ಷನ್ ಇದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಶಿಕ್ಷೆಯಾದ ವಯಸ್ಕರಿಗೆ ಬರುವ ಅನರ್ಹತೆಗಳು ಈ ಮಗುವಿಗೆ ಅಂಟುವುದಿಲ್ಲ. ಮೇಲ್ಮನವಿಯ ಅವಧಿ ಅಥವಾ ನಿಯಮದಲ್ಲಿ ಹೇಳಿದ ಅವಧಿ ಮುಗಿದ ಮೇಲೆ ದಾಖಲೆ ನಾಶಪಡಿಸಲು ಮಂಡಳಿ ಪೊಲೀಸರಿಗೆ ಆದೇಶ ಕೊಡಬೇಕು.

ಓದುವಾಗ ಚೆನ್ನಾಗಿದೆ. ತೊಡಕು ಇರುವುದು ಆ ಅವಧಿಯಲ್ಲಿ. ಮಾದರಿ ನಿಯಮಗಳ 14ನೇ ನಿಯಮ ಹೇಳುವುದು ಹೀಗೆ: ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಅಥವಾ ಏಳು ವರ್ಷದವರೆಗೆ ದಾಖಲೆಯನ್ನು ಭದ್ರವಾಗಿಡಬೇಕು, ಅದಕ್ಕಿಂತ ಜಾಸ್ತಿ ಇಡಬಾರದು. ಮಂಡಳಿಯ ಆದೇಶದ ಮೇಲೆ ಮೇಲ್ಮನವಿ ಸಲ್ಲಿಸಲು ಕಾಯ್ದೆ ಕೊಡುವ ಅವಧಿ 30 ದಿನ. ಅಂದರೆ ಒಂದು ಕಡೆ 30 ದಿನ, ಇನ್ನೊಂದು ಕಡೆ ಏಳು ವರ್ಷ. ಎರಡರಲ್ಲಿ ಯಾವುದು ಎಂದು ನಿಯಮ ಬಿಡಿಸಿ ಹೇಳುವುದಿಲ್ಲ.

ಕಚೇರಿಯಲ್ಲಿ ಫೈಲು ನೋಡಿಕೊಳ್ಳುವವರ ಜಾಗದಲ್ಲಿ ನಿಂತು ಯೋಚಿಸಿ. ಬೇಗ ನಾಶ ಮಾಡಿ ನಾಳೆ ಯಾರಾದರೂ ಕೇಳಿದರೆ ತೊಂದರೆ. ಇಟ್ಟುಕೊಂಡರೆ ಯಾರೂ ಬೈಯುವುದಿಲ್ಲ. ಸಹಜವಾಗಿ ಕೈ ಏಳು ವರ್ಷದ ಕಡೆಗೇ ಹೋಗುತ್ತದೆ. ಹದಿನೇಳರಲ್ಲಿ ಆದೇಶವಾದ ಹುಡುಗನ ಫೈಲು ಅವನಿಗೆ ಇಪ್ಪತ್ನಾಲ್ಕು ತುಂಬುವವರೆಗೆ ಕಪಾಟಿನಲ್ಲಿರುತ್ತದೆ. ಪದವಿ ಮುಗಿಸುವುದು, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಬರೆಯುವುದು, ಪಾಸ್‌ಪೋರ್ಟ್ ಮಾಡಿಸುವುದು, ಮೊದಲ ಕೆಲಸ ಸಿಗುವುದು ಎಲ್ಲವೂ ಇದೇ ವಯಸ್ಸಿನಲ್ಲಿ. ಗೋಪ್ಯತೆ ಅತಿ ಹೆಚ್ಚು ಬೇಕಾದ ವರ್ಷಗಳಲ್ಲೇ ಕಾಗದ ಜೀವಂತವಾಗಿರುತ್ತದೆ.

ಇನ್ನೊಂದು ವಿಚಿತ್ರವಿದೆ. 24ನೇ ಸೆಕ್ಷನ್ ಆಗಲಿ 14ನೇ ನಿಯಮವಾಗಲಿ ಮಾತಾಡುವುದು ತಪ್ಪು ಸಾಬೀತಾದವರ ದಾಖಲೆಯ ಬಗ್ಗೆ. ತಪ್ಪೇ ಮಾಡಿಲ್ಲ ಎಂದು ಮಂಡಳಿ ಬಿಟ್ಟು ಕಳಿಸಿದ ಮಗುವಿನ ಫೈಲನ್ನು ಯಾವಾಗ ನಾಶಪಡಿಸಬೇಕು? ಅದಕ್ಕೆ ಅವು ಗಡುವು ಹಾಕಿಲ್ಲ. 3ನೇ ಸೆಕ್ಷನ್‌ನ ತತ್ವ ಅವನಿಗೂ ಸಲ್ಲುತ್ತದೆ ನಿಜ. ಆದರೆ ಕಚೇರಿ ನಡೆಯುವುದು ತತ್ವದಿಂದಲ್ಲ, ನಿಯಮದಿಂದ. ಹೀಗಾಗಿ ತಪ್ಪು ಮಾಡಿದವನ ಕಾಗದಕ್ಕೆ ಕೊನೆಯ ದಿನಾಂಕವಿದೆ, ಮಾಡದವನ ಕಾಗದಕ್ಕೆ ಇಲ್ಲ. ಇದನ್ನು ಒಂದು ಸಣ್ಣ ತಿದ್ದುಪಡಿಯಿಂದ ಸರಿಮಾಡಬಹುದು. ಮಾಡಲೇಬೇಕು.

16ರಿಂದ 18ರ ನಡುವಿನವರು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯ ವಯಸ್ಕರಂತೆ ವಿಚಾರಿಸಿ ತಪ್ಪಿತಸ್ಥರೆಂದರೆ ಕತೆ ಬೇರೆ. ಅವರ ದಾಖಲೆಯನ್ನು ನ್ಯಾಯಾಲಯ ಉಳಿಸಿಕೊಳ್ಳುತ್ತದೆ, ಅನರ್ಹತೆಯೂ ಅಂಟುತ್ತದೆ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರ ಎದ್ದ ಸಿಟ್ಟಿನಲ್ಲಿ ಹುಟ್ಟಿದ ನಿಯಮ ಇದು. ಆ ಪ್ರಕರಣದ ಬಾಲಕ 2015ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ. ಅದೇ ವಾರ ರಾಜ್ಯಸಭೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇಂಥ ಅಪರಾಧಗಳಲ್ಲಿ ದಾಖಲೆ ಇರಲಿ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಕಾಯ್ದೆಯ 20ನೇ ಸೆಕ್ಷನ್ ನೋಡಿ. 21 ತುಂಬಿದಾಗ ಅವನು ಸುಧಾರಿಸಿದ್ದಾನೆಯೇ ಎಂದು ನ್ಯಾಯಾಲಯವೇ ಪರಿಶೀಲಿಸುತ್ತದೆ. ಸುಧಾರಿಸಿದ್ದಾನೆ, ಸಮಾಜಕ್ಕೆ ಉಪಯೋಗವಾಗಬಲ್ಲ ಎನಿಸಿದರೆ ಬಿಡುಗಡೆ ಮಾಡಬಹುದು. ಹಾಗೆ ಬಿಡುಗಡೆಯಾದವನ ದಾಖಲೆಯನ್ನು ಮುಂದೆ ಎಂದಾದರೂ ಮರುಪರಿಶೀಲಿಸಲು ಕಾಯ್ದೆಯಲ್ಲಿ ದಾರಿಯೇ ಇಲ್ಲ. ಮನುಷ್ಯನನ್ನು ಮತ್ತೆ ನೋಡುವ ನ್ಯಾಯಾಲಯಕ್ಕೆ ಅವನ ಕಾಗದವನ್ನೂ ಮತ್ತೆ ನೋಡುವ ಅಧಿಕಾರ ಇರಬೇಕಿತ್ತು.

ಹೆಸರು ಸೋರುವುದು ಎಲ್ಲಿ

ಸುದ್ದಿಯಿಂದ ಶುರು ಮಾಡೋಣ. ಹೀಗೊಂದು ವರದಿ ಊಹಿಸಿಕೊಳ್ಳಿ: ‘ಬಸ್ ನಿಲ್ದಾಣದ ಹಿಂದಿನ ಬಡಾವಣೆಯ ನಿವಾಸಿ, ಹತ್ತನೇ ತರಗತಿ ವಿದ್ಯಾರ್ಥಿ, ತಂದೆ ಬೇಕರಿ ಮಾಲೀಕ, ಕಳೆದ ತಿಂಗಳು ಜಿಲ್ಲಾ ಮಟ್ಟದ ಕಬಡ್ಡಿಯಲ್ಲಿ ಆಡಿದ್ದ.’ ಹೆಸರು ಎಲ್ಲಿದೆ? ಎಲ್ಲೂ ಇಲ್ಲ. ಆದರೆ ಆ ಊರಿನ ಎಲ್ಲರಿಗೂ ಅದು ಯಾರೆಂದು ಗೊತ್ತಾಯಿತು. ಮುಖ ಮಸುಕು ಮಾಡಿ ಮನೆ ತೋರಿಸುವ ಟಿವಿ ದೃಶ್ಯವೂ ಇದೇ ಜಾತಿಯದ್ದು. ಕಾಯ್ದೆ ತಡೆಯುವುದು ಹೆಸರನ್ನಷ್ಟೇ ಅಲ್ಲ, ಗುರುತು ಸಿಗುವುದನ್ನು. ಹೆಸರು ಬಿಟ್ಟರೆ ಸಾಕು ಎಂದುಕೊಂಡ ವರದಿಗಾರರು ದಿನವೂ ಈ ಗೆರೆ ದಾಟುತ್ತಿದ್ದಾರೆ.

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಐಷಾರಾಮಿ ಕಾರು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. 300 ಪದದ ಪ್ರಬಂಧ ಬರೆಯುವ ಷರತ್ತು ಹಾಕಿ ಜಾಮೀನು ಕೊಟ್ಟಾಗ ದೇಶವೇ ಸಿಟ್ಟಾಯಿತು. ಆ ಸಿಟ್ಟಿಗೆ ಅರ್ಥವಿತ್ತು. ಆದರೆ ಆಮೇಲೆ ನಡೆದದ್ದನ್ನೂ ನೋಡಬೇಕು. ಅಪ್ಪನ ಬಂಧನವಾಯಿತು, ಅಪ್ಪನ ಹೆಸರು, ಕಂಪನಿ, ಮನೆತನ ಎಲ್ಲ ಸುದ್ದಿಯಾಯಿತು. ಅಲ್ಲಿಗೆ ಮಗನ ಗುರುತು ಮುಚ್ಚಿಡಲು ಏನೂ ಉಳಿಯಲಿಲ್ಲ. ಅವನದೇ ಎಂದು ಸುಳ್ಳು ವಿಡಿಯೊಗಳೂ ಹರಿದಾಡಿದವು. ಅಪ್ಪ ಬೇರೆ ಆರೋಪಿ, ವಯಸ್ಕ, ಅವರ ಹೆಸರು ಬರೆಯುವುದನ್ನು ಕಾನೂನು ನೇರವಾಗಿ ತಡೆಯುವುದಿಲ್ಲ. ಹೀಗಿರುವಾಗ ಮಗುವಿನ ಗುರುತು ಹೇಗೆ ಕಾಯುವುದು? ಇದಕ್ಕೆ ನಮ್ಮ ಕಾಯ್ದೆಯಲ್ಲಿ ತಯಾರಿ ಉತ್ತರ ಇಲ್ಲ. ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡುವವರಿಗೆ ಮಾತ್ರ ಉತ್ತರವಿದೆ: 74ನೇ ಸೆಕ್ಷನ್‌ನ ‘ಬೇರೆ ಯಾವುದೇ ಸಂವಹನ ಮಾಧ್ಯಮ’ದಲ್ಲಿ ನಿಮ್ಮ ಫೋನೂ ಬರುತ್ತದೆ.

ದೊಡ್ಡವರ ಜೊತೆ ಸಿಕ್ಕಿಬಿದ್ದ ಮಕ್ಕಳದ್ದು ಇನ್ನೂ ಕಷ್ಟದ ಸ್ಥಿತಿ. ಮಗುವನ್ನೂ ವಯಸ್ಕನನ್ನೂ ಒಟ್ಟಿಗೆ ವಿಚಾರಣೆ ಮಾಡುವಂತಿಲ್ಲ. ಹಾಗಾಗಿ ಮಗುವಿನ ಫೈಲು ಮಂಡಳಿಗೆ, ಉಳಿದವರದ್ದು ಸಾಮಾನ್ಯ ಕೋರ್ಟಿಗೆ. ಆದರೆ ಎಫ್‌ಐಆರ್ ಒಂದೇ. ವಯಸ್ಕರ ಆರೋಪಪಟ್ಟಿಯಲ್ಲಿ ‘ಇವರ ಜೊತೆಗಿದ್ದ ಅಪ್ರಾಪ್ತ’ ಎಂದು ಬರೆಯಬೇಕಾದ ಕಡೆ ಹೆಸರೇ ನುಸುಳಬಹುದು. ಸಾಕ್ಷಿಗಳು ತೆರೆದ ಕೋರ್ಟಿನಲ್ಲಿ ಅವನ ಹೆಸರು ಹಿಡಿದೇ ಮಾತಾಡುತ್ತಾರೆ. ಅದು ತೀರ್ಪಿಗೂ ಬರಬಹುದು. ಮಂಡಳಿ ತನ್ನ ಫೈಲು ಸುಟ್ಟು ಹಾಕಿದರೂ ಇದ್ಯಾವುದೂ ಅಳಿಯುವುದಿಲ್ಲ. ಬೇರೆ ಕಾಯ್ದೆಯ, ಬೇರೆ ಕೋರ್ಟಿನ ದಾಖಲೆ ಅದು.

ಮೇಲಿನ ಕೋರ್ಟುಗಳೂ ಎಡವುತ್ತವೆ. ಮಂಡಳಿಯಲ್ಲಿ ಜಾಮೀನು ಸಿಗದಿದ್ದರೆ ಹೈಕೋರ್ಟಿಗೆ ಹೋಗುತ್ತಾರೆ. ಮಗುವಿನ ಪರವಾಗಿ ಅಪ್ಪನೇ ಅರ್ಜಿ ಹಾಕುವುದು. ಅರ್ಜಿಯ ತಲೆಯಲ್ಲೇ ಅಪ್ಪನ ಹೆಸರು, ಊರು. ಆದೇಶ ವೆಬ್‌ಸೈಟಿಗೆ ಏರುತ್ತದೆ, ಅಲ್ಲಿಂದ ಖಾಸಗಿ ಕಾನೂನು ತಾಣಗಳು ಎತ್ತಿಕೊಳ್ಳುತ್ತವೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಯಾವ ಅಪರಾಧವನ್ನು ಘೋರ ಎನ್ನಬೇಕು, ಯಾವುದನ್ನು ಗಂಭೀರ ಎನ್ನಬೇಕು ಎಂಬುದು ಅದರ ವಿಷಯ. ಅದೇ ತೀರ್ಪಿನಲ್ಲಿ ಕೋರ್ಟ್ ಇನ್ನೊಂದು ಮಾತು ಹೇಳಬೇಕಾಯಿತು: ಈ ಕೇಸಿನಲ್ಲಿ ದೆಹಲಿ ಹೈಕೋರ್ಟ್ ತನ್ನ ತೀರ್ಪಿನಲ್ಲಿ ಬಾಲಕನ ಹೆಸರು ಹಾಕಿದೆ, ಅದು 74ನೇ ಸೆಕ್ಷನ್‌ಗೆ ವಿರುದ್ಧ, ಅದನ್ನು ತೆಗೆದು ತೀರ್ಪು ಸರಿಪಡಿಸಿ. ಹೈಕೋರ್ಟಿನ ಕೈಯಲ್ಲೇ ಹೀಗಾದರೆ ತಾಲ್ಲೂಕು ಠಾಣೆಯ ಬರಹಗಾರನನ್ನು ದೂರಿ ಏನು ಪ್ರಯೋಜನ? ಈ ಬರಹದಲ್ಲಿ ನಾನು ಯಾವ ಕೇಸನ್ನೂ ಅದರ ಹೆಸರಿನಿಂದ ಕರೆಯದೆ ಇರುವುದೂ ಇದೇ ಕಾರಣಕ್ಕೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದಾಗ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಮಕ್ಕಳ ಬಗ್ಗೆ ವಿಶೇಷವಾಗಿ ಬರೆದಿದ್ದರು. ಮಕ್ಕಳು ಬಿಟ್ಟುಹೋಗುವ ಡಿಜಿಟಲ್ ಗುರುತು ಅಳಿಯುವುದಿಲ್ಲ, ಬಾಲ್ಯದ ತಪ್ಪಿಗೆ ಅವರು ಬದುಕಿಡೀ ಬೆಲೆ ತೆರುವಂತಾಗಬಾರದು ಎಂಬುದು ಅವರ ಮಾತಿನ ಸಾರ. 14ನೇ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಕಾಗದದ ಫೈಲು. ಸರ್ಚ್‌ನಲ್ಲಿ ಬರುವ ಪಿಡಿಎಫ್ ಅಲ್ಲ.

ಕೆಲಸ ಕೇಳುವ ಹೊತ್ತಿಗೆ

ಕೋರ್ಟುಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್‌ನಲ್ಲಿ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾದ ಯುವಕನಿಗೆ ಬಾಲ್ಯದ ಒಂದು ಕೇಸಿನ ಕಾರಣಕ್ಕೆ ಕೆಲಸ ತಪ್ಪಿತು. ಆ ಕೇಸಿನಲ್ಲಿ ಅವನು ಖುಲಾಸೆಯೂ ಆಗಿದ್ದ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಖುಲಾಸೆಯಾಗದೆ ಶಿಕ್ಷೆಯೇ ಆಗಿದ್ದರೂ ಅದನ್ನು ಕೆಲಸ ನಿರಾಕರಿಸಲು ಬಳಸುವಂತಿರಲಿಲ್ಲ, ಏಕೆಂದರೆ ಆಗ ಅವನು ಅಪ್ರಾಪ್ತ ಎಂದಿತು. 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಾಲ್ಯದ ಕೇಸುಗಳ ಬಗ್ಗೆ ಉದ್ಯೋಗದಾತ ಕೇಳುವುದೇ ತಪ್ಪು, ಅದು ಖಾಸಗಿತನದ ಹಕ್ಕಿಗೆ ವಿರುದ್ಧ, ಅಭ್ಯರ್ಥಿ ಸುಮ್ಮನಿದ್ದರೆ ಅದು ಮುಚ್ಚಿಟ್ಟಂತಲ್ಲ ಎಂದಿತು.

ಇಷ್ಟಾದರೂ ಸಾಕಷ್ಟು ಫಾರಂಗಳಲ್ಲಿ ಹಳೆಯ ಕಾಲಂ ಹಾಗೇ ಇದೆ. ಕೋರ್ಟಿಗೆ ಹೋಗಿ ಗೆಲ್ಲಬಲ್ಲವರಿಗೆ ಈ ತೀರ್ಪುಗಳು ಇವೆ. ಹೋಗಲಾಗದವರು ಫಾರಂ ಮುಂದೆ ಒಬ್ಬರೇ ಕೂರುತ್ತಾರೆ. ‘18 ವರ್ಷಕ್ಕೆ ಮುಂಚಿನ, ಬಾಲನ್ಯಾಯ ಕಾಯ್ದೆಯಡಿ ನಡೆದ ಪ್ರಕರಣಗಳನ್ನು ಇಲ್ಲಿ ತಿಳಿಸಬೇಕಿಲ್ಲ’ ಎಂಬ ಒಂದು ಸಾಲು ಸೇರಿಸಲು ಹೊಸ ಕಾಯ್ದೆ ಬೇಡ. ಸುತ್ತೋಲೆ ಸಾಕು. ಅನರ್ಹತೆ ಉಳಿಯುವ ಆ ಒಂದು ವರ್ಗವನ್ನು ಬೇಕಾದರೆ ಅದೇ ಸಾಲಿನಲ್ಲಿ ಹೊರಗಿಡಲಿ.

ಬ್ರಿಟನ್ನಿನ ಅನುಭವ ಇಲ್ಲಿ ಪಾಠವಾಗುತ್ತದೆ. ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಕೊಟ್ಟ ತೀರ್ಪಿನ ನಂತರ, 2020ರ ನವೆಂಬರ್‌ನಿಂದ, ಬಾಲ್ಯದಲ್ಲಿ ಪೊಲೀಸರು ಕೊಟ್ಟ ಎಚ್ಚರಿಕೆಗಳು ಉದ್ಯೋಗದ ತಪಾಸಣೆಯಲ್ಲಿ ತಾನಾಗಿಯೇ ಕಾಣುವುದು ನಿಂತಿತು. ಅದೇ ದೇಶದಲ್ಲಿ 1993ರಲ್ಲಿ ಒಂದು ಪುಟ್ಟ ಮಗುವನ್ನು ಕೊಂದ ಹತ್ತು ವರ್ಷದ ಇಬ್ಬರು ಹುಡುಗರ ಹೆಸರು ಪ್ರಕಟಿಸಲು ನ್ಯಾಯಾಧೀಶರು ಅನುಮತಿ ಕೊಟ್ಟಿದ್ದರು. 2001ರಲ್ಲಿ ಅವರು ಬಿಡುಗಡೆಯಾಗುವ ಹೊತ್ತಿಗೆ ಕೋರ್ಟೇ ಅವರಿಗೆ ಬದುಕಿಡೀ ಹೊಸ ಗುರುತಿನ ರಕ್ಷಣೆ ಕೊಡಬೇಕಾಯಿತು. ಒಮ್ಮೆ ಹೊರಬಿದ್ದ ಹೆಸರನ್ನು ಮತ್ತೆ ಮುಚ್ಚಲು ಸರ್ಕಾರ ಎಷ್ಟು ಹೆಣಗಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಎಲ್ಲವನ್ನೂ ಮುಚ್ಚಬೇಕೆ?

ಇಲ್ಲ. ಗೋಪ್ಯತೆಯ ಪರ ಮಾತಾಡುವವರು ಇದನ್ನು ಒಪ್ಪಿಕೊಳ್ಳಲೇಬೇಕು.

ಮೊದಲನೆಯದಾಗಿ, ನೊಂದವರು. ಮಗನನ್ನು ಕಳೆದುಕೊಂಡ ತಾಯಿಗೆ ‘ಇದು ಮಕ್ಕಳ ಕೇಸು, ಏನೂ ಹೇಳಲಾಗುವುದಿಲ್ಲ’ ಎಂದು ಕಚೇರಿಯ ಕಿಟಕಿಯಲ್ಲೇ ಕಳಿಸಿಬಿಟ್ಟರೆ ಅದು ಕಾಯ್ದೆಗೆ ವಿರುದ್ಧ. 99ನೇ ಸೆಕ್ಷನ್ ಮಗುವಿನ ಕುರಿತ ವರದಿಗಳನ್ನು ಗೋಪ್ಯ ಎನ್ನುತ್ತದೆ. ಅದೇ ಸೆಕ್ಷನ್ ಸಂತ್ರಸ್ತರಿಗೆ ಅವರ ಕೇಸಿನ ದಾಖಲೆ, ಆದೇಶ, ಸಂಬಂಧಿಸಿದ ಕಾಗದಪತ್ರ ನಿರಾಕರಿಸುವಂತಿಲ್ಲ ಎಂದೂ ಹೇಳುತ್ತದೆ. ಇದು ಬಹಳ ಜನ ವಕೀಲರಿಗೂ ನೆನಪಿರುವುದಿಲ್ಲ. ನೊಂದವರಿಗೆ ತಿಳಿಸುವುದೂ ಜಗತ್ತಿಗೆ ಸಾರುವುದೂ ಒಂದೇ ಅಲ್ಲ.

ಇನ್ನೊಬ್ಬರ ನ್ಯಾಯಕ್ಕೆ ಈ ದಾಖಲೆ ಬೇಕಾಗುವ ಸಂದರ್ಭವೂ ಉಂಟು. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಅಲಾಸ್ಕಾದ ಕೇಸೊಂದು ಬಂತು. ಮುಖ್ಯ ಸಾಕ್ಷಿ ಒಬ್ಬ ಹುಡುಗ, ಅವನೇ ಬಾಲಾಪರಾಧದ ಕೇಸಿನಲ್ಲಿ ಪ್ರೊಬೇಷನ್ ಮೇಲೆ, ಅಂದರೆ ನಿಗಾದಲ್ಲಿ ಹೊರಗೆ, ಇದ್ದ. ತನ್ನ ಮೇಲೆ ಅನುಮಾನ ಬರಬಾರದೆಂದು ಪೊಲೀಸರಿಗೆ ಅನುಕೂಲವಾಗುವಂತೆ ಸಾಕ್ಷಿ ಹೇಳಿರಬಹುದಲ್ಲ? ಈ ಪ್ರಶ್ನೆ ಕೇಳುವ ಆರೋಪಿಯ ಹಕ್ಕು ಹುಡುಗನ ಗೋಪ್ಯತೆಗಿಂತ ದೊಡ್ಡದು ಎಂದಿತು ಕೋರ್ಟ್. ಇನ್ನೊಬ್ಬರು ಜೈಲಿಗೆ ಹೋಗುವ ಪ್ರಶ್ನೆ ಇದ್ದಾಗ ಅದು ಸರಿಯಾದ ತೂಕ ಎಂದೇ ನನಗನಿಸುತ್ತದೆ. ಆದರೆ ಅದನ್ನು ಕೋರ್ಟಿನ ಒಳಗೆ, ಬೇಕಾದಷ್ಟಕ್ಕೆ ಮಾತ್ರ ತೆರೆಯಬೇಕು.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಬೇರೆ. ಮುಚ್ಚಿದ ಬಾಗಿಲ ಹಿಂದೆ ಮಕ್ಕಳಿಗೇ ಅನ್ಯಾಯವಾದರೆ ನೋಡುವವರು ಯಾರು? 1960ರ ದಶಕದಲ್ಲಿ ಅರಿಜೋನಾದ 15 ವರ್ಷದ ಹುಡುಗನೊಬ್ಬ ಪಕ್ಕದ ಮನೆಯ ಹೆಂಗಸಿಗೆ ಅಸಭ್ಯ ಫೋನ್ ಮಾಡಿದ ಎಂದು 21 ತುಂಬುವವರೆಗೆ ಸರ್ಕಾರಿ ಸುಧಾರಣಾ ಶಾಲೆಗೆ ಕಳಿಸಿದರು. ಅದೇ ತಪ್ಪಿಗೆ ದೊಡ್ಡವರಿಗೆ ಇದ್ದದ್ದು 5ರಿಂದ 50 ಡಾಲರ್ ದಂಡ ಅಥವಾ ಹೆಚ್ಚೆಂದರೆ ಎರಡು ತಿಂಗಳ ಜೈಲು. ಅವನಿಗೆ ವಕೀಲರಿರಲಿಲ್ಲ. ವಿಚಾರಣೆಯಲ್ಲಿ ಯಾರು ಏನು ಹೇಳಿದರು ಎಂದು ಯಾರೂ ಬರೆದಿಡಲಿಲ್ಲ. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮಕ್ಕಳಿಗೆ ವಕೀಲರ ಹಕ್ಕು ಕೊಟ್ಟಿದ್ದೂ ಅದೇ ತೀರ್ಪು. ಗೋಪ್ಯತೆಯ ಹೆಸರಿನಲ್ಲಿ ಏನೇನು ನಡೆಯಬಹುದು ಎಂಬುದು ಇಲ್ಲಿದೆ.

ಹಾಗಾಗಿ ಮುಚ್ಚಬೇಕಾದದ್ದು ಮಗುವಿನ ಗುರುತು. ಮಂಡಳಿಯ ಕೆಲಸವಲ್ಲ. ಒಂದು ಜಿಲ್ಲೆಯ ಮಂಡಳಿಯಲ್ಲಿ ಎಷ್ಟು ಕೇಸು ಬಾಕಿ, ಸಣ್ಣ ಅಪರಾಧದ ಕೇಸು ಎಷ್ಟು ತಿಂಗಳು ಎಳೆಯಿತು, ಎಷ್ಟು ಮಕ್ಕಳಿಗೆ ಜಾಮೀನು ಸಿಕ್ಕಿತು, ಎಷ್ಟು ಮಕ್ಕಳನ್ನು ವಯಸ್ಕರಂತೆ ವಿಚಾರಣೆಗೆ ಕಳಿಸಿದರು, ಎಷ್ಟು ದಾಖಲೆ ನಾಶ ಮಾಡಲು ಆದೇಶವಾಯಿತು, ಅದರಲ್ಲಿ ಎಷ್ಟು ನಿಜಕ್ಕೂ ನಾಶವಾಯಿತು. ಇದಕ್ಕೆ ಒಂದು ಹೆಸರೂ ಬೇಕಿಲ್ಲ. ಮಾಹಿತಿ ಹಕ್ಕಿನಲ್ಲಿ ಇಂಥ ಲೆಕ್ಕ ಕೇಳಿದವರಿಗೆ ‘ಗೋಪ್ಯ’ ಎಂಬ ಉತ್ತರ ಬಂದರೆ ಅದು ಮಗುವನ್ನು ಕಾಯುವ ಉತ್ತರವಲ್ಲ, ಕಚೇರಿಯನ್ನು ಕಾಯುವ ಉತ್ತರ.

ಇದೆಲ್ಲ ಬದಲಾಗುವವರೆಗೆ ಮನೆಯವರು ಮಾಡಬಹುದಾದ ಕೆಲವು ಕೆಲಸಗಳಿವೆ. ಮಂಡಳಿ ಅಂತಿಮ ಆದೇಶ ಬರೆಯುವಾಗಲೇ ದಾಖಲೆ ನಾಶದ ನಿರ್ದೇಶನವನ್ನೂ ಅದರಲ್ಲಿ ಸೇರಿಸುವಂತೆ, ದಿನಾಂಕ ಹಾಕಿ, ಲಿಖಿತವಾಗಿ ಕೇಳಿ. ಖುಲಾಸೆಯಾದರೂ ಕೇಳಿ. ಆದೇಶದ ದೃಢೀಕೃತ ಪ್ರತಿ ತೆಗೆದು ಮನೆಯಲ್ಲಿಡಿ. ಕಚೇರಿಯ ಫೈಲು ಹೋದ ಮೇಲೆ ‘ಆಗ ನಾನು ಅಪ್ರಾಪ್ತನಿದ್ದೆ, ಕೇಸು ಮುಗಿದಿದೆ’ ಎಂದು ತೋರಿಸಲು ನಿಮ್ಮ ಕೈಲಿರುವುದು ಅದೊಂದೇ. ಅವಧಿ ಮುಗಿದ ಮೇಲೆ ಠಾಣೆಯವರು ಆದೇಶ ಪಾಲಿಸಿದರೇ ಎಂದು ಮಂಡಳಿಗೇ ಅರ್ಜಿ ಕೊಟ್ಟು ವಿಚಾರಿಸಿ. ಹೈಕೋರ್ಟಿಗೆ ಹೋಗುವುದಾದರೆ ಅರ್ಜಿಯ ತಲೆಬರಹದಲ್ಲಿ ಹೆಸರಿನ ಬದಲು ಅಕ್ಷರ ಬಳಸಲು ವಕೀಲರಿಗೆ ಮೊದಲೇ ಹೇಳಿ, ಆಮೇಲೆ ತೆಗೆಸುವುದು ಕಷ್ಟ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಮಕ್ಕಳಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಮನೆಯ ಆದಾಯ ಎಷ್ಟೇ ಇದ್ದರೂ.